ಮ್ಯಾಚಿಗೆ ಬೆನ್ನು ಹಾಕಿ ನಿಂತವರು

ನಮ್ಮ ಸ್ಪೋರ್ಟ್ಸ್ ಬಿಸಿನೆಸ್ ಮಾಸ್ಟರ್ಸ್ ಕೋರ್ಸಿಗೆ ಅರ್ಜಿ ಹಾಕೋವಾಗ ಒಂದು ಎಸ್ಸೇ ಬರೀಬೇಕಿತ್ತು, ಯಾಕೆ ಈ ಕ್ಷೇತ್ರಕ್ಕೆ ಬರ್ತಿದೀರಾ ಅಂತ. ಸೇರಿದ ಮೇಲೆ ಗೊತ್ತಾಗಿದ್ದು, ಕ್ಲಾಸಲ್ಲಿ ಮುಕ್ಕಾಲು ಪಾಲು ಜನ ಒಂದೇ ಸಾಲಿಂದ ಶುರು ಮಾಡಿದ್ರು: ಚಿಕ್ಕಂದಿನಿಂದಲೂ ನನಗೆ ಆಟ ಅಂದ್ರೆ ಹುಚ್ಚು. ಓರಿಯೆಂಟೇಶನ್ ದಿನ ಅಡ್ಮಿಶನ್ ನೋಡ್ಕೊಳ್ಳೋ ಮೇಡಂ ನಗ್ತಾ ಹೇಳಿದ್ರು, ಆ ಸಾಲು ಕಂಡ ತಕ್ಷಣ ನಾವು ಸೀದಾ ಮುಂದಿನ ಪ್ಯಾರಾಗೆ ಹೋಗ್ತೀವಿ, ಆ ಹುಚ್ಚು ಇಲ್ದೋರು ಇಲ್ಲಿಗೆ ಅರ್ಜಿನೇ ಹಾಕಲ್ಲ ಅಂತ. ಎಲ್ರೂ ನಕ್ಕ್ವಿ. ಆಮೇಲಾಮೇಲೆ ನನಗನ್ಸಿದ್ದು, ಇಡೀ ಕೋರ್ಸಿನ ಗುಟ್ಟು ಅವತ್ತೇ ಅವರ ಬಾಯಿಂದ ಬಂದ್ಬಿಟ್ಟಿತ್ತು. ಎಲ್ಲರ ಹತ್ರಾನೂ ದಂಡಿಯಾಗಿ ಇರೋದನ್ನ ಯಾರು ದುಡ್ಡು ಕೊಟ್ಟು ಕೊಂಡ್ಕೋತಾರೆ ಹೇಳಿ?

ಸ್ಪೋರ್ಟ್ಸ್ ಬಿಸಿನೆಸ್‌ನಲ್ಲಿ ಮಾಸ್ಟರ್ಸ್ ಅಂದ್ರೆ ಮೊದಲ ಪ್ರಶ್ನೆ, ನೀವ್ ಏನ್ ಆಡ್ತೀರಾ ಅಂತ. ಎರಡನೇದು, ಪ್ಲೇಯರ್ಸ್ ಸಿಗ್ತಾರಾ ಅಂತ. ಎರಡಕ್ಕೂ ಉತ್ತರ ಇಲ್ಲ ಅಂತಾನೇ. ಅಕೌಂಟ್ಸ್, ಮಾರ್ಕೆಟಿಂಗ್, ಕಾನೂನು, ಸ್ಟ್ಯಾಟಿಸ್ಟಿಕ್ಸ್, ಎಲ್ಲ ಬೇರೆ ಮ್ಯಾನೇಜ್‌ಮೆಂಟ್ ಕೋರ್ಸಲ್ಲಿ ಇರೋವೇ, ಆದ್ರೆ ಉದಾಹರಣೆ ಮಾತ್ರ ಆಟದ್ದು. ಈ ವಿದ್ಯೆಯ ಹುಟ್ಟಿನ ಕಥೇನೂ ಮಜವಾಗಿದೆ. 1957ರಲ್ಲಿ ಅಮೆರಿಕದ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಓನರ್ ವಾಲ್ಟರ್ ಒಮ್ಯಾಲಿ, ಜೇಮ್ಸ್ ಮೇಸನ್ ಅನ್ನೋ ಮೇಷ್ಟ್ರನ್ನ ಕೇಳಿದ್ನಂತೆ, ತಂಡದ ವ್ಯವಹಾರ ನಡೆಸೋಕೆ ಕಲಿತ ಜನ ಎಲ್ಲಿ ಸಿಗ್ತಾರೆ ಅಂತ. ಆ ಮಾತು ಬೆಳೆದು 1966ರಲ್ಲಿ ಓಹಾಯೋ ಯೂನಿವರ್ಸಿಟಿಯಲ್ಲಿ ಈ ಬಗೆಯ ಮೊದಲ ಮಾಸ್ಟರ್ಸ್ ಶುರುವಾಯ್ತು. (ಬ್ರೂಕ್ಲಿನ್ನಿಂದ ತಂಡಾನೇ ಎಬ್ಬಿಸ್ಕೊಂಡು ಲಾಸ್ ಏಂಜಲೀಸಿಗೆ ಹೋಗಿ ಹಳೇ ಊರಿನ ಅಭಿಮಾನಿಗಳ ಶಾಪ ಕಟ್ಕೊಂಡ ಓನರ್ ಕೂಡ ಇದೇ ಮಹಾಶಯ. ನಮ್ಮ ವಿದ್ಯೆಗೆ ಮೂಲಪುರುಷ ಇವನೇ ಅಂದ್ರೆ ಸ್ವಲ್ಪ ಯೋಚನೆ ಮಾಡ್ಬೇಕಾದ ವಿಷ್ಯಾನೇ.) ಆಮೇಲೆ 2000ದಲ್ಲಿ ಫಿಫಾ ಮಾಸ್ಟರ್ ಬಂತು, ಮೂರು ದೇಶದ ಮೂರು ಯೂನಿವರ್ಸಿಟಿ ಸೇರಿ ನಡೆಸೋದು, ಇತಿಹಾಸ ಲೆಸ್ಟರಲ್ಲಿ, ಮ್ಯಾನೇಜ್‌ಮೆಂಟ್ ಮಿಲಾನಲ್ಲಿ, ಕಾನೂನು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲಲ್ಲಿ. ಈಗಂತೂ ಎಲ್ಲಿ ನೋಡಿದ್ರೂ ಈ ಕೋರ್ಸ್ ಇದೆ, ಮತ್ತೆ ಅದೇ ಸಮಸ್ಯೆನೂ ಹೌದು, ಅದಕ್ಕೆ ಆಮೇಲೆ ಬರ್ತೀನಿ.

ಮೊದಲ ಟರ್ಮಿನಲ್ಲಿ ತಲೆ ಕೆಡಿಸಿದ ಪಾಠ ವಾಲ್ಟರ್ ನೀಲ್ ಅನ್ನೋ ಅರ್ಥಶಾಸ್ತ್ರಜ್ಞ 1964ರಲ್ಲಿ ಬರೆದಿದ್ದು. ಬೇರೆ ಯಾವ ವ್ಯಾಪಾರದಲ್ಲಾದ್ರೂ ಎದುರಾಳಿ ಮುಳುಗಿದ್ರೆ ನಮಗೆ ಲಾಭ, ಆಟದ ವ್ಯಾಪಾರದಲ್ಲಿ ಎದುರಾಳಿ ಮುಳುಗಿದ್ರೆ ನಾವೂ ಮುಳುಗಿದಂಗೇನೇ. ಅವನು ಕೊಟ್ಟ ಉದಾಹರಣೆ ಬಾಕ್ಸರ್ ಜೋ ಲೂಯಿಸ್‌ದು. ಲೂಯಿಸ್ ಎಷ್ಟೇ ದೊಡ್ಡ ಚಾಂಪಿಯನ್ ಆದ್ರೂ ಎದುರಿಗೆ ಹೊಡೆದಾಡೋಕೆ ಮ್ಯಾಕ್ಸ್ ಶ್ಮೆಲಿಂಗ್ ತರದವನು ಇಲ್ಲ ಅಂದ್ರೆ ಯಾರು ಟಿಕೆಟ್ ತಗೋತಾರೆ. 1936ರಲ್ಲಿ ಶ್ಮೆಲಿಂಗ್ ಇವನನ್ನ ಮಲಗಿಸಿದ್ದಕ್ಕೇ ತಾನೆ 1938ರ ಮರುಪಂದ್ಯಕ್ಕೆ ಜಗತ್ತೇ ಕಿವಿಗೊಟ್ಟು ಕೂತಿದ್ದು, ಲೂಯಿಸ್ ಮೊದಲ ರೌಂಡಲ್ಲೇ ಮುಗಿಸಿ ಹಾಕಿದ್ದು ಬೇರೆ ಮಾತು. ಇದನ್ನ ಒಂದ್ಸಲ ಒಪ್ಕೊಂಡ್ರೆ ಲೀಗ್‌ಗಳ ವಿಚಿತ್ರಗಳೆಲ್ಲ ಅರ್ಥ ಆಗೋಕೆ ಶುರುವಾಗತ್ತೆ, ಕಡೇ ಸ್ಥಾನದಲ್ಲಿ ಬಂದ ತಂಡಕ್ಕೆ ಹೊಸ ಆಟಗಾರರನ್ನ ಹಂಚ್ಕೊಳ್ಳೋ ಡ್ರಾಫ್ಟಲ್ಲಿ ಮೊದಲ ಆಯ್ಕೆ ಯಾಕೆ, ಸಂಬಳಕ್ಕೆ ಮಿತಿ ಯಾಕೆ, ಟಿವಿ ದುಡ್ಡು ಹಂಚ್ಕೊಳ್ಳೋದ್ಯಾಕೆ ಅಂತ. ಅಮೆರಿಕದಲ್ಲಿ ಗ್ರೀನ್ ಬೇ ಅಂತ ಒಂದು ಊರಿದೆ, ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅಲ್ಲಿಂದ ಎನ್‌ಎಫ್‌ಎಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಲೀಗಲ್ಲಿ ಪ್ಯಾಕರ್ಸ್ ಅನ್ನೋ ತಂಡ ಇವತ್ತಿಗೂ ದೊಡ್ಡ ದೊಡ್ಡ ನಗರಗಳ ತಂಡಗಳ ಜೊತೆ ಸರಿಸಮ ನಿಂತು ಆಡ್ತಿದೆ, 1923ರಿಂದ ಅದರ ಒಡೆಯರು ಸಾಮಾನ್ಯ ಶೇರುದಾರರು, ಲಾಭ ಹಂಚೋ ಹಂಗಿಲ್ಲ. ಇದು ಬರೀ ಭಾವನೆ ಮೇಲೆ ನಿಂತಿಲ್ಲ ಕಣ್ರೀ, ಎಲ್ಲಾ ತಂಡಗಳ ಟಿವಿ ಹಕ್ಕು ಒಟ್ಟಿಗೆ ಮಾರಿ ಸಮ ಹಂಚ್ಕೊಳ್ಳೋಕೆ 1961ರಲ್ಲಿ ಅಮೆರಿಕದಲ್ಲಿ ಕಾನೂನು ಮಾಡಿದ್ರಲ್ಲ, ಅದರ ಮೇಲೆ ನಿಂತಿದೆ. ಐಪಿಎಲ್ ಬಗ್ಗೆ ಕೂಡ ಇದೇ ಕಣ್ಣಲ್ಲಿ ನೋಡೋದು ಅಭ್ಯಾಸ ಆಯ್ತು. 2023ರಿಂದ 27ರ ಮೀಡಿಯಾ ಹಕ್ಕು 48,390 ಕೋಟಿಗೆ ಹೋಯ್ತು ಅಂತ ಎಲ್ರೂ ಬಾಯಿ ಬಿಟ್ಟು ನೋಡಿದ್ರೆ ನಾವು ಅದನ್ನ 410 ಮ್ಯಾಚಿಂದ ಭಾಗಿಸಿ, ಒಂದು ಮ್ಯಾಚಿಗೆ 118 ಕೋಟಿ, ಸರಿ, ಇದ್ರಲ್ಲಿ ಮಳೆ ಬಂದು ನಿಂತ್ರೆ ಯಾರ ತಲೆಗೆ ಅಂತ ಕೇಳೋ ಜನ ಆಗೋದ್ವಿ.

ಕ್ಲಾಸ್‌ಮೇಟ್ಸ್ ಬಗ್ಗೆ ಹೇಳ್ಬೇಕು. ಮೂರು ಬಗೆ. ಒಂದು, ನಂಬರ್ ಹುಚ್ಚಿನವರು, ಇಂಜಿನಿಯರಿಂಗ್ ಮುಗಿಸಿ ಬಂದಿರ್ತಾರೆ, ಆಟಗಾರನ ಹೆಸರು ಹೇಳಿದ್ರೆ ಅವನ ಮುಖ ನೆನಪಾಗಲ್ಲ, ಟೇಬಲ್ಲಿನ ಸಾಲು ನೆನಪಾಗತ್ತೆ. ಎರಡು, ಲಾ ಓದಿ ಬಂದು ಆಟಗಾರರ ಏಜೆಂಟ್ ಆಗ್ಬೇಕು ಅನ್ನೋರು, ಇವರು ಮೊದಲ ವಾರದಿಂದಲೇ ಶರ್ಟ್ ಇನ್ ಮಾಡಿರ್ತಾರೆ. ಮೂರು, ನಿಜವಾಗ್ಲೂ ಆಡಿ ಬಂದೋರು. ನಮ್ಮ ಬ್ಯಾಚಲ್ಲಿ ಒಬ್ಬಳು ಸ್ವಿಮ್ಮರ್ ಇದ್ಲು, ಭುಜದ ಗಾಯ ಆಗಿ ಬಿಟ್ಟಿದ್ದು. ಕ್ಲಾಸಲ್ಲಿ ನಾವೆಲ್ಲ ಆಟದ ರೋಮಾಂಚನ, ಅಭಿಮಾನಿಗಳ ಭಾವನಾತ್ಮಕ ಬಂಧ ಅಂತೆಲ್ಲ ಪಿಪಿಟಿಯಲ್ಲಿ ಹಾಕ್ತಿದ್ರೆ ಅವಳು ಹಿಂದಿನ ಬೆಂಚಲ್ಲಿ ಕೂತು ಬೆಳಿಗ್ಗೆ ಐದಕ್ಕೆ ತಣ್ಣೀರಿಗೆ ಇಳಿಯೋದ್ರಲ್ಲಿ ಯಾವ ರೋಮಾಂಚನಾನೂ ಇಲ್ಲ ಅಂತ ಗೊಣಗೋಳು. ನನ್ನ ಅರ್ಧ ವಿದ್ಯೆ ಅವಳ ಗೊಣಗಾಟದಿಂದ ಬಂದಿದ್ದು ಅಂದ್ರೂ ತಪ್ಪಿಲ್ಲ.

ಫೈನಾನ್ಸ್ ಕ್ಲಾಸಲ್ಲಿ ಒಂದು ಮಧ್ಯಾಹ್ನ ಮರೆಯೋಕಾಗಲ್ಲ. ಸರ್ ಬಂದು ಬೋರ್ಡ್ ಮೇಲೆ ಒಂದೇ ಒಂದು ಹೆಸರು ಬರೆದ್ರು, ಬಾಬಿ ಬೊನಿಯಾ. ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಆಡ್ತಿದ್ದ ಬೇಸ್‌ಬಾಲ್ ಆಟಗಾರ, 2000ದಲ್ಲಿ ತಂಡ ಅವನನ್ನ ಬಿಟ್ಟು ಕಳಿಸೋವಾಗ ಇನ್ನೂ 59 ಲಕ್ಷ ಡಾಲರ್ ಕೊಡೋದಿತ್ತು. ಈಗ ಬೇಡ, ಆಮೇಲೆ ಕೊಡ್ತೀವಿ, ವರ್ಷಕ್ಕೆ ಶೇಕಡಾ 8 ಬಡ್ಡಿ ಅಂತ ಮಾತಾಯ್ತು. ಎಕ್ಸೆಲ್ ತೆಗೀರಿ ಅಂದ್ರು ಸರ್. ಹತ್ತು ವರ್ಷ ಬಡ್ಡಿ ಬೆಳೆಸಿದ್ರೆ 59 ಲಕ್ಷ ಹೋಗಿ ಸುಮಾರು 1.27 ಕೋಟಿ ಡಾಲರ್ ಆಗತ್ತೆ, ಅದನ್ನ 2011ರಿಂದ 2035ರವರೆಗೆ 25 ಕಂತು ಮಾಡಿದ್ರೆ ವರ್ಷಕ್ಕೆ ಎಷ್ಟು ಬರತ್ತೆ ನೋಡಿ. ಎಲ್ಲರ ಸ್ಕ್ರೀನ್ ಮೇಲೂ ಒಂದೊಂದಾಗಿ ಅದೇ ಅಂಕಿ ಬಂತು, 11 ಲಕ್ಷ 93 ಸಾವಿರ ಚಿಲ್ಲರೆ. ಪ್ರತಿ ಜುಲೈ 1ಕ್ಕೆ ಆ ಮನುಷ್ಯನಿಗೆ ಇವತ್ತಿಗೂ ಬರ್ತಿರೋ ದುಡ್ಡು ಕರೆಕ್ಟಾಗಿ ಅಷ್ಟೇ. ಜನ ಪ್ರತಿ ವರ್ಷ ಮೆಟ್ಸ್ ಎಂಥ ದಡ್ಡರು ಅಂತ ನಗ್ತಾರೆ, ಒಟ್ಟು ಮೂರು ಕೋಟಿ ಡಾಲರ್ ಹತ್ರ ಕೊಟ್ಟಂಗಾಯ್ತು ಅಂತ. ಆದ್ರೆ ಆ ಲೆಕ್ಕ ನಮ್ಮ ಕೈಯಲ್ಲೇ ಮಾಡಿಸಿದ ಮೇಲೆ ನಗು ಬರಲ್ಲ, ಶೇಕಡಾ 8 ಜಾಸ್ತೀನಾ ಕಮ್ಮೀನಾ ಅನ್ನೋ ಪ್ರಶ್ನೆ ಮಾತ್ರ ಉಳಿಯತ್ತೆ. ಇದರ ಪಕ್ಕದಲ್ಲೇ ಸಿಲ್ನಾ ಅಣ್ಣತಮ್ಮಂದಿರ ಕೇಸು ಓದಿಸಿದ್ರು. 1976ರಲ್ಲಿ ಎಬಿಎ ಅನ್ನೋ ಬ್ಯಾಸ್ಕೆಟ್‌ಬಾಲ್ ಲೀಗ್ ಮುಚ್ಚಿ ಅದರ ನಾಲ್ಕು ತಂಡ ಎದುರಾಳಿ ಲೀಗ್ ಎನ್‌ಬಿಎಗೆ ಸೇರ್ಕೊಂಡಾಗ ಇವರ ತಂಡಕ್ಕೆ ಜಾಗ ಸಿಗಲಿಲ್ಲ. ಹೋಗ್ಲಿ ಬಿಡಿ, ಆ ನಾಲ್ಕೂ ತಂಡಗಳ ಟಿವಿ ಆದಾಯದಲ್ಲಿ ಏಳನೇ ಒಂದು ಪಾಲು ಶಾಶ್ವತವಾಗಿ ಕೊಡಿ ಅಂತ ಬರೆಸ್ಕೊಂಡ್ರು. ಆಗ ಟಿವಿ ದುಡ್ಡು ಅಂದ್ರೆ ಪುಡಿಗಾಸು. 2014ರಲ್ಲಿ ಆ ಒಪ್ಪಂದ ಮುಗಿಸ್ಕೊಳ್ಳೋಕೆ ಎನ್‌ಬಿಎ ಸುಮಾರು 50 ಕೋಟಿ ಡಾಲರ್ ಕೊಡ್ಬೇಕಾಯ್ತು, ಅದೂ ಅದುವರೆಗೆ ಕೊಟ್ಟಿದ್ದನ್ನ ಬಿಟ್ಟು. ಒಂದು ತಂಡಾನೂ ಇಲ್ಲದೆ, ಒಂದು ಮ್ಯಾಚೂ ಆಡಿಸದೆ. ಕ್ಲಾಸ್ ಮುಗಿದು ಹೊರಗೆ ಬರೋವಾಗ ಏಜೆಂಟ್ ಆಗೋ ಹುಡುಗರ ಕಣ್ಣಲ್ಲಿ ಮಿಂಚು ನೋಡ್ಬೇಕಿತ್ತು.

ಆದ್ರೆ ಓದಿಗಿಂತ ಜಾಸ್ತಿ ಟೈಮ್ ಹೋಗೋದು ಮ್ಯಾಚ್ ಡೇ ಡ್ಯೂಟಿಗೆ. ಕೋರ್ಸಿನ ಭಾಗಾನೇ ಅದು, ಪ್ರಾಕ್ಟಿಕಲ್ ಅಂತ. ಮೊದಲ ಸಲ ಕೊರಳಿಗೆ ಅಕ್ರೆಡಿಟೇಶನ್ ಕಾರ್ಡ್ ಬಿದ್ದಾಗ ಏನೋ ದೊಡ್ಡದು ಸಾಧಿಸಿದಂಗೆ ಅನ್ಸತ್ತೆ, ಫೋಟೋ ತೆಗೆದು ಹಾಕ್ತೀವಿ. ಆ ಕಾರ್ಡ್ ಮೇಲೆ ಝೋನ್ ನಂಬರ್ ಇರ್ತವೆ, ಎಲ್ಲಿಗೆ ಹೋಗ್ಬಹುದು ಎಲ್ಲಿಗೆ ಹೋಗ್ಬಾರ್ದು ಅಂತ, ನಮ್ಮದರಲ್ಲಿ ಒಂದೋ ಎರಡೋ ಇರತ್ತೆ ಅಷ್ಟೇ, ಮೈದಾನದ ನಂಬರ್ ಅಂತೂ ಇರೋದೇ ಇಲ್ಲ. ನನಗೆ ಸಿಕ್ಕಿದ ಒಂದು ಡ್ಯೂಟಿ ಹೇಳ್ತೀನಿ ಕೇಳಿ. ದೊಡ್ಡ ಟೂರ್ನಮೆಂಟು, ಕ್ರೀಡಾಂಗಣದ ಒಳಗೆ ಅಧಿಕೃತ ಪ್ರಾಯೋಜಕರ ಹೆಸರು ಬಿಟ್ಟು ಬೇರೆ ಯಾವ ಬ್ರ್ಯಾಂಡೂ ಕಾಣೋ ಹಂಗಿಲ್ಲ, ಇದಕ್ಕೆ ಕ್ಲೀನ್ ವೆನ್ಯೂ ಅಂತಾರೆ. ನನಗೂ ಇನ್ನೊಬ್ಬನಿಗೂ ಒಂದೊಂದು ಬಿಳಿ ಟೇಪ್ ಸುರುಳಿ, ಒಂದೊಂದು ಕತ್ತರಿ ಕೊಟ್ಟು ಟಾಯ್ಲೆಟ್‌ಗಳಿಗೆ ಕಳಿಸಿದ್ರು. ಕೈ ಒಣಗಿಸೋ ಮಷಿನ್ ಮೇಲೆ ಕಂಪನಿ ಹೆಸರು ಇರತ್ತಲ್ಲ, ಅದನ್ನ ಮುಚ್ಚಬೇಕು. ಕಮೋಡ್ ಮೇಲಿನ ಹೆಸರು, ನಲ್ಲಿ ಮೇಲಿನ ಪುಟ್ಟ ಲೋಗೋ, ಲಿಫ್ಟಿನ ಬಟನ್ ಹತ್ರ ಇರೋ ಹೆಸರು, ಎಲ್ಲಾ. ಮಷಿನ್ ಮೇಲೆ ನೀರಿನ ಹನಿ ಇದ್ರೆ ಟೇಪ್ ಹಿಡಿಯಲ್ಲ, ಮೊದಲು ಒರೆಸ್ಬೇಕು, ಆಮೇಲೆ ಹೆಸರಿನ ಅಳತೆಗೆ ಕತ್ತರಿಸಿ ಮೂಲೆ ಏಳದಂಗೆ ಉಗುರಿಂದ ಉಜ್ಜಬೇಕು, ಸೆನ್ಸರ್ ಮೇಲೆ ಬಿದ್ರೆ ಮಷಿನ್ ಕೆಲಸಾನೇ ಮಾಡಲ್ಲ. ಒಂದು ಫ್ಲೋರ್ ಮುಗ್ಸೋ ಹೊತ್ತಿಗೆ ನಂಗೆ ನಾನೇ ಕೇಳ್ಕೊಂಡಿದ್ದೆ, ಟಾಯ್ಲೆಟಲ್ಲಿ ಕೈ ಒಣಗಿಸೋನು ಆ ಹೆಸರು ಓದಿ ಪ್ರಾಯೋಜಕರಿಗೆ ಏನು ನಷ್ಟ ಮಾಡ್ತಾನೆ ಅಂತ.

ಉತ್ತರ ಸ್ಪಾನ್ಸರ್‌ಶಿಪ್ ಕ್ಲಾಸಲ್ಲಿ ಸಿಕ್ತು. 2010ರ ಫುಟ್‌ಬಾಲ್ ವಿಶ್ವಕಪ್ಪಲ್ಲಿ ನೆದರ್‌ಲೆಂಡ್ಸ್–ಡೆನ್ಮಾರ್ಕ್ ಮ್ಯಾಚಿಗೆ 36 ಹೆಂಗಸರು ಒಂದೇ ತರದ ಕಿತ್ತಳೆ ಬಣ್ಣದ ಡ್ರೆಸ್ ಹಾಕ್ಕೊಂಡು ಬಂದ್ರು, ಡ್ರೆಸ್ ಮೇಲೆ ಕಣ್ಣಿಗೆ ಬೀಳೋವಂಥ ಹೆಸರು ಕೂಡ ಇರ್ಲಿಲ್ಲ. ಆದ್ರೂ ಅದು ಬವೇರಿಯಾ ಅನ್ನೋ ಬಿಯರ್ ಕಂಪನಿಯ ಡ್ರೆಸ್ ಅಂತ ಗೊತ್ತಾಗಿ ಅವರನ್ನ ಹೊರಗೆ ಹಾಕಿದ್ರು, ಇಬ್ಬರನ್ನ ಅರೆಸ್ಟೂ ಮಾಡಿದ್ರು, ಆಮೇಲೆ ಕೇಸ್ ಕೈಬಿಟ್ರು. ಯಾಕಂದ್ರೆ ಅಧಿಕೃತ ಬಿಯರ್ ಪ್ರಾಯೋಜಕರು ಬೇರೆ. ಪ್ರಾಯೋಜಕ ಕೊಡೋ ದುಡ್ಡು ತನ್ನ ಹೆಸರು ಕಾಣ್ಲಿ ಅಂತ ಮಾತ್ರ ಅಲ್ಲ, ಬೇರೆಯವರದ್ದು ಕಾಣಬಾರದು ಅಂತ. ನನ್ನ ಟೇಪ್ ಸುರುಳಿ ಆ ಎರಡನೇ ಭಾಗದ ಡೆಲಿವರಿ. ಗೊತ್ತಾದ ಮೇಲೆ ಸಮಾಧಾನ ಆಯ್ತಾ ಅಂದ್ರೆ, ಅರ್ಧ.

ಇನ್ನೊಂದು ಡ್ಯೂಟಿ ಸ್ಟೇವರ್ಡಿಂಗ್, ಅಂದ್ರೆ ಸ್ಟ್ಯಾಂಡಲ್ಲಿ ಕೂತ ಜನರನ್ನ ನೋಡ್ಕೊಳ್ಳೋದು. ಇದರ ಮೊದಲ ನಿಯಮ, ಮೈದಾನಕ್ಕೆ ಬೆನ್ನು ಹಾಕಿ ಜನದ ಕಡೆ ಮುಖ ಮಾಡಿ ನಿಲ್ಲೋದು. ಹಿಂದೆ ತಿರುಗೋ ಹಾಗಿಲ್ಲ. ಎದುರಿಗಿರೋ ಸಾವಿರಾರು ಮುಖ ಒಂದೇ ಸಲ ಬಾಯಿ ತೆರೆದಾಗ ಏನೋ ಆಯ್ತು ಅಂತ ಗೊತ್ತಾಗತ್ತೆ, ಯಾರು ಹೊಡೆದ್ರು, ಯಾರು ಔಟು, ಅದು ಗೊತ್ತಾಗಲ್ಲ. ಸ್ವಲ್ಪ ದಿನಕ್ಕೆ ಮುಖ ನೋಡಿನೇ ಸ್ಕೋರ್ ಹೇಳೋದು ಬರತ್ತೆ, ಅದು ಬೇರೆ. ಹಾಗಂತ ಇದನ್ನ ನಾನು ಹಗುರ ಮಾಡ್ತಿಲ್ಲ, 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ಬೇಲಿ ಹಾಕಿದ ಕಿಕ್ಕಿರಿದ ಕಟಕಟೆಗಳೊಳಗೆ ಜನ ಸಿಕ್ಕಿಹಾಕ್ಕೊಂಡು ಒಟ್ಟು 97 ಜನ ಜೀವ ಕಳ್ಕೊಂಡ ಘಟನೆಯನ್ನ ಸುರಕ್ಷತೆ ಕ್ಲಾಸಲ್ಲಿ ನಿಮಿಷ ನಿಮಿಷವಾಗಿ ಓದಿಸಿದಾರೆ. ಜನದ ಕಡೆ ಮುಖ ಮಾಡಿ ನಿಲ್ಲೋನು ಯಾಕೆ ಬೇಕು ಅನ್ನೋದಕ್ಕೆ ಅದಾದ್ಮೇಲೆ ಯಾರೂ ಕಾರಣ ಕೇಳಲಿಲ್ಲ. ಆದ್ರೆ ಅಷ್ಟು ಮುಖ್ಯವಾದ ಕೆಲಸಕ್ಕೆ ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು ಕೊಟ್ಟು ಕಳಿಸೋದು ಹೆಂಗೆ ಸರಿ ಅನ್ನೋದು ಮಾತ್ರ ಕೇಳ್ಬೇಕು ಅನ್ಸತ್ತೆ.

ಟಿಕೆಟ್ ಸೇಲ್ಸ್ ಬಗ್ಗೆ ಯಾರೂ ಬ್ರೋಶರಲ್ಲಿ ಹಾಕಲ್ಲ. ಆದ್ರೆ ಈ ಉದ್ಯಮಕ್ಕೆ ಒಳಗೆ ಹೋಗೋ ಬಾಗಿಲು ಬಹಳ ಮಟ್ಟಿಗೆ ಅದೇನೇ. ಹೆಡ್‌ಸೆಟ್ ಹಾಕ್ಕೊಂಡು, ಎದುರಿಗೆ ಸಿಆರ್‌ಎಂ ಅನ್ನೋ ಗ್ರಾಹಕರ ದಾಖಲೆ ಸಾಫ್ಟ್‌ವೇರಲ್ಲಿ ಹೋದ ಸೀಸನ್ ಟಿಕೆಟ್ ತಗೊಂಡು ಈ ಸಲ ರಿನ್ಯೂ ಮಾಡದೇ ಇರೋರ ಲಿಸ್ಟ್ ಇಟ್ಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡೋದು. ತಂಡ ಸೋಲ್ತಿದ್ರೆ ಆ ಕೋಪ ಎಲ್ಲ ನಮ್ಮ ಕಿವಿಗೆ. ಒಬ್ಬರು ಯಜಮಾನರು ನಂಗೆ ಕೋಚನ್ನ ಬದಲಾಯಿಸಿ ಆಮೇಲೆ ಫೋನ್ ಮಾಡು ಅಂತ ಹೇಳಿ ಇಟ್ಟಿದ್ರು, ನಂಗೆ ಆ ಅಧಿಕಾರ ಇದ್ದಂಗೆ. ಇನ್ನೊಬ್ಬರು ಗಂಡ ತೀರಿಕೊಂಡ ಮೇಲೆ ಪಕ್ಕದ ಸೀಟ್ ಖಾಲಿ ನೋಡೋಕಾಗಲ್ಲಪ್ಪಾ ಅಂದ್ರು, ಸ್ಕ್ರಿಪ್ಟಲ್ಲಿ ಅದಕ್ಕೆ ಉತ್ತರ ಇರ್ಲಿಲ್ಲ. ಬೇರೆ ಬ್ಲಾಕಲ್ಲಿ ಒಂಟಿ ಸೀಟು ತೋರಿಸ್ಲಾ ಅಂತ ಕೇಳಿದೆ, ಯೋಚನೆ ಮಾಡ್ತೀನಿ ಅಂದ್ರು, ಆ ಕಾಲನ್ನ ಸಿಆರ್‌ಎಂನಲ್ಲಿ ಫಾಲೋ ಅಪ್ ಅಂತ ಗುರುತು ಹಾಕೋಕೆ ನಂಗೆ ಮನಸ್ಸು ಬರಲಿಲ್ಲ, ಖಾಲಿ ಬಿಟ್ಟೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 2009ರಲ್ಲಿ ಕೆಲವು ಸೀಟಿಗೆ ಪ್ರಯೋಗ ಮಾಡಿ 2010ರಲ್ಲಿ ಇಡೀ ಸ್ಟೇಡಿಯಮ್ಮಿಗೆ ಡೈನಾಮಿಕ್ ಪ್ರೈಸಿಂಗ್ ತಂದ್ರು, ವಿಮಾನದ ಟಿಕೆಟ್ ತರ ದಿನಾ ಬೆಲೆ ಬದಲಾಗೋದು, ಎದುರಾಳಿ ಯಾರು, ಹವಾಮಾನ ಹೆಂಗಿದೆ ಅನ್ನೋದ್ರ ಮೇಲೆ. ಕ್ಲಾಸಲ್ಲಿ ಆ ಮಾಡೆಲ್ ಕಟ್ಟೋಕೆ ತುಂಬಾ ಖುಷಿ. ಅದೇ ಮಾಡೆಲ್ ಹೇಳಿದ ಬೆಲೇನ ಫೋನಲ್ಲಿ ಒಬ್ಬ ಮನುಷ್ಯನಿಗೆ ಹೇಳೋವಾಗ ಗಂಟಲು ಒಣಗತ್ತೆ. ನನ್ನ ಅಭಿಪ್ರಾಯದಲ್ಲಿ ಈ ಕೋರ್ಸಿಗೆ ಬರೋ ಪ್ರತಿಯೊಬ್ಬರೂ ಮೊದಲು ಈ ಕೆಲಸಾನೇ ಮಾಡ್ಬೇಕು, ಯಾಕಂದ್ರೆ ಇಲ್ಲಿ ಕಮಿಷನ್ನಾದ್ರೂ ಸಿಗತ್ತೆ.

ಹಾ, ದುಡ್ಡಿನ ವಿಷ್ಯಕ್ಕೆ ಬಂದ್ವಿ.

ಎರಡನೇ ಟರ್ಮಿನಲ್ಲಿ ಆಟಗಾರರ ಲೇಬರ್ ಮಾರ್ಕೆಟ್ ಅಂತ ಒಂದು ಪೇಪರ್. ಸೈಮನ್ ರಾಟನ್‌ಬರ್ಗ್ 1956ರಲ್ಲೇ ಬರೆದಿದ್ದರಿಂದ ಶುರು. ಬೇಸ್‌ಬಾಲಲ್ಲಿ ರಿಸರ್ವ್ ಕ್ಲಾಝ್ ಅಂತ ಒಂದು ಷರತ್ತು ಇತ್ತು, ಒಮ್ಮೆ ಸಹಿ ಹಾಕಿದ ಆಟಗಾರ ಆ ತಂಡದವನೇ, ಅವರಾಗಿ ಮಾರಿದ್ರೆ ಮಾತ್ರ ಬೇರೆ ಕಡೆ. ಇದಿಲ್ಲ ಅಂದ್ರೆ ದುಡ್ಡಿರೋ ತಂಡಗಳೇ ಒಳ್ಳೆ ಆಟಗಾರರನ್ನೆಲ್ಲ ಎತ್ಕೊಂಡು ಹೋಗ್ತಾವೆ ಅನ್ನೋದು ಓನರ್‌ಗಳ ವಾದ. ರಾಟನ್‌ಬರ್ಗ್ ಹೇಳಿದ್ದು, ಆಟಗಾರ ಎಲ್ಲಿ ಹೆಚ್ಚು ಬೆಲೆ ತರ್ತಾನೋ ಹೆಂಗಿದ್ರೂ ಅಲ್ಲಿಗೇ ಹೋಗಿ ಸೇರ್ತಾನೆ, ಈ ನಿಯಮದಿಂದ ಬದಲಾಗೋದು ಒಂದೇ, ಆ ದುಡ್ಡು ಆಟಗಾರನ ಜೇಬಿಗೆ ಹೋಗತ್ತಾ ಓನರ್ ಜೇಬಿಗಾ ಅನ್ನೋದು. ಆಮೇಲೆ ಕರ್ಟ್ ಫ್ಲಡ್ ಕಥೆ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಅವನನ್ನ ಕೇಳದೇನೇ ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು, ನಾನು ಹೋಗಲ್ಲ, ನಾನೇನು ಕೊಂಡು ಮಾರೋ ಆಸ್ತಿ ಅಲ್ಲ ಅಂತ ಲೀಗಿನ ಕಮಿಷನರ್‌ಗೆ ಪತ್ರ ಬರೆದು ಕೋರ್ಟಿಗೆ ಹೋದ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಲ್ಲಿ 5–3ರಲ್ಲಿ ಸೋತ. ಆಟದ ಬದುಕು ಅಷ್ಟೊತ್ತಿಗೆ ಮುಗಿದಿತ್ತು. ಮೂರು ವರ್ಷ ಆದ್ಮೇಲೆ ಬೇರೆ ಇಬ್ಬರು ಆಟಗಾರರ ಕೇಸಲ್ಲಿ ಆರ್ಬಿಟ್ರೇಟರ್, ಅಂದ್ರೆ ಮಧ್ಯಸ್ಥಗಾರ, ಕೊಟ್ಟ ತೀರ್ಪಿಂದ ಆ ನಿಯಮ ಸಡಿಲ ಆಯ್ತು. ಯುರೋಪಲ್ಲಿ 1995ರ ಡಿಸೆಂಬರ್ 15ಕ್ಕೆ ಬಾಸ್ಮನ್ ಅನ್ನೋ ಬೆಲ್ಜಿಯಂ ಆಟಗಾರನ ಕೇಸಲ್ಲಿ ತೀರ್ಪು ಬಂತು, ಕಾಂಟ್ರ್ಯಾಕ್ಟ್ ಮುಗಿದ ಫುಟ್‌ಬಾಲ್ ಆಟಗಾರನ ಮೇಲೆ ಹಳೆ ಕ್ಲಬ್ ದುಡ್ಡು ಕೇಳೋ ಹಂಗಿಲ್ಲ ಅಂತ. ಅವನ ಹೆಸರಲ್ಲಿ ಬಂದ ಸ್ವಾತಂತ್ರ್ಯದಿಂದ ಕೋಟಿ ಕೋಟಿ ಎಣಿಸಿದೋರು ಮಾತ್ರ ಬೇರೆಯವರು.

ಕ್ಲಾಸಲ್ಲಿ ಎಲ್ರೂ ಫ್ಲಡ್ ಪರ. ಅನ್ಯಾಯ ಅಂತ ಮೇಜು ಗುದ್ದಿ ಮಾತಾಡಿದ್ವಿ. ಆಗ ನಮ್ಮ ಸ್ವಿಮ್ಮರ್ ಕೈ ಎತ್ತಿ ಕೇಳಿದ್ಲು, ಸರ್, ಇವತ್ತು ರಾತ್ರಿ ಈ ಕ್ಲಾಸಿನ ಅರ್ಧ ಜನ ಮ್ಯಾಚ್ ಡ್ಯೂಟಿಗೆ ಹೋಗ್ತಿದೀವಿ, ಒಂದು ಪೈಸೆ ಇಲ್ಲದೆ, ಟಿಕೆಟ್ ದುಡ್ಡು ಕ್ಲಬ್ಬಿಗೆ, ಇದನ್ನ ಯಾವ ಚಾಪ್ಟರಲ್ಲಿ ಓದ್ಬೇಕು ಅಂತ. ಸರ್ ಸ್ವಲ್ಪ ಹೊತ್ತು ಸುಮ್ನಿದ್ದು, ಸಪ್ಲೈ ಕರ್ವ್ ಚಾಪ್ಟರಲ್ಲಿ ಅಂದ್ರು. ನಗು ಬಂತು, ಆದ್ರೆ ಅವರು ತಮಾಷೆ ಮಾಡಿರ್ಲಿಲ್ಲ. ಒಂದು ಕೆಲಸಕ್ಕೆ ನೂರಾರು ಜನ ನಿಂತಿದ್ರೆ, ಅವರಲ್ಲಿ ಹತ್ತು ಜನ ಬಿಟ್ಟಿ ಮಾಡ್ತೀನಿ ಅಂದ್ರೆ ಆ ಕೆಲಸದ ಸಂಬಳ ಸೊನ್ನೆ ಹತ್ರ ಹೋಗತ್ತೆ, ಅಷ್ಟೇ ಗಣಿತ. ಮಿಕ್ಕಿದ್ದನ್ನ ಖುಷಿ ರೂಪದಲ್ಲಿ ತಗೊಳ್ಳಿ ಅನ್ನೋದು, ಈ ಖುಷಿನ ಅರ್ಥಶಾಸ್ತ್ರದಲ್ಲಿ ಮಾನಸಿಕ ಆದಾಯ ಅಂತಾನೂ ಕರೀತಾರೆ. ಬಾಡಿಗೆ ಕಟ್ಟೋ ದಿನ ಮನೆ ಓನರ್‌ಗೆ ಒಂದು ಚೂರು ಮಾನಸಿಕ ಆದಾಯ ಟ್ರಾನ್ಸ್‌ಫರ್ ಮಾಡೋಕೆ ನೋಡಿ, ಏನಂತಾರೆ ಅಂತ.

ವಾಲಂಟಿಯರ್ ಪದ್ಧತಿನ ನಾನು ಪೂರ್ತಿ ಬೈಯ್ಯಲ್ಲ. ಒಲಿಂಪಿಕ್ಸ್ ನಡೆಯೋದೇ ಅವರಿಂದ. ಲಂಡನ್ 2012ಕ್ಕೆ 70,000 ವಾಲಂಟಿಯರ್ ಬೇಕಿತ್ತು, ಸುಮಾರು 2,40,000 ಅರ್ಜಿ ಬಂತು. ಪ್ಯಾರಿಸ್ 2024ಕ್ಕೆ 45,000 ಜಾಗಕ್ಕೆ ಮೂರು ಲಕ್ಷಕ್ಕೂ ಹೆಚ್ಚು. ಮಾಂಟ್ರಿಯಲ್ 1976ರ ಸಾಲ ತೀರಿಸೋಕೆ 2006ರವರೆಗೆ ಒದ್ದಾಡ್ತು, ಅದನ್ನ ನೋಡಿ ಬೆಚ್ಚಿಬಿದ್ದ ಜಗತ್ತಿಗೆ ಲಾಸ್ ಏಂಜಲೀಸ್ 1984 ಲಾಭ ಮಾಡಿ ತೋರಿಸ್ತು, 20 ಕೋಟಿ ಡಾಲರ್‌ಗೂ ಜಾಸ್ತಿ ಉಳಿಸ್ತು. ಎಲ್ಲಾ ಪಾಠದಲ್ಲೂ ಅದನ್ನ ನಡೆಸಿದ ಪೀಟರ್ ಯುಬರಾತ್ ಪ್ರಾಯೋಜಕರನ್ನ ಹೆಂಗೆ ಹಿಡಿದ, ಟಿವಿ ಹಕ್ಕು ಹೆಂಗೆ ಮಾರಿದ ಅಂತ ಇರತ್ತೆ. ಆ ಆಟಗಳಲ್ಲಿ ಸುಮಾರು 28,700 ವಾಲಂಟಿಯರ್‌ಗಳು ದುಡಿದ್ರು ಅನ್ನೋದು ಒಂದು ಸಾಲಲ್ಲಿ ಬಂದು ಹೋಗತ್ತೆ. ಅಷ್ಟು ಜನಕ್ಕೆ ದಿನಗೂಲಿ ಹಾಕಿ ಲೆಕ್ಕ ಮಾಡಿ ಅಂತ ಯಾರೂ ಎಕ್ಸೆಲ್ ತೆಗೆಸಲಿಲ್ಲ ನೋಡಿ.

ರಿಟೈರ್ ಆಗಿ, ಎರಡು ವಾರ ರಜದ ತರ ಬಂದು, ಯೂನಿಫಾರ್ಮ್ ಹಾಕ್ಕೊಂಡು ದಾರಿ ತೋರಿಸೋ ಖುಷಿಗೆ ಬರೋರಿದಾರೆ, ಅವರಿಗೆ ಅದು ಬದುಕಿನ ದೊಡ್ಡ ಅನುಭವ, ಇರ್ಲಿ. ಸಮಸ್ಯೆ ಇರೋದು ಲಾಭ ಮಾಡೋ ಕ್ಲಬ್ಬು, ಏಜೆನ್ಸಿಗಳು ಇದೇ ಮಾದರಿನ ಇಡೀ ಸೀಸನ್ನಿಗೆ ಹಿಗ್ಗಿಸಿ ಇಂಟರ್ನ್‌ಶಿಪ್ ಅಂತ ಹೆಸರಿಟ್ಟಾಗ. ನಂಗೂ ಒಂದು ಕಡೆ ಸಿಕ್ಕಿತ್ತು, ಹೆಸರು ಬೇಡ. ಸೀಸನ್ ಪೂರ್ತಿ, ವಾರಾಂತ್ಯ ಎಲ್ಲ ಸೇರಿ, ಸ್ಟೈಪೆಂಡ್ ಇಲ್ಲ, ಎಕ್ಸ್‌ಪೋಶರ್ ಸಿಗತ್ತೆ ಅಂದ್ರು. ಅಲ್ಲಿ ನನ್ನ ಜೊತೆ ಇದ್ದೋರನ್ನ ನೋಡಿ ನಂಗೆ ವಿಷ್ಯ ಹೊಳೆದಿದ್ದು. ಎಲ್ರೂ ಒಳ್ಳೆಯವರೇ, ಬುದ್ಧಿವಂತರೇ. ಆದ್ರೆ ಒಬ್ಬರಿಗೂ ತಿಂಗಳ ಕೊನೆಯ ಚಿಂತೆ ಇರ್ಲಿಲ್ಲ, ಮನೆಯಿಂದ ಬರ್ತಿತ್ತು. ನಮ್ಮ ಬ್ಯಾಚಿನ ಅತಿ ಚುರುಕಾದ ಡೇಟಾ ಹುಡುಗ ಆ ಇಂಟರ್ನ್‌ಶಿಪ್ ಬಿಟ್ಟು ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಪಾರ್ಟ್ ಟೈಮ್ ತಗೊಂಡ, ಎಜುಕೇಶನ್ ಲೋನ್ ಇತ್ತು ಅವನಿಗೆ. ಮುಂದಿನ ಹತ್ತು ವರ್ಷದಲ್ಲಿ ಕ್ಲಬ್ ನಡೆಸೋ ಸ್ಥಾನಕ್ಕೆ ಬರೋರು ಯಾರು ಅಂದ್ರೆ, ಇವತ್ತು ಬಿಟ್ಟಿ ದುಡಿಯೋಕೆ ಕೈಲಾಗೋರು. ಆಮೇಲೆ ಟಿಕೆಟ್ ಬೆಲೆ ನಿಗದಿ ಮಾಡೋರೂ ಅವರೇ, ಯಾವ ಸ್ಟ್ಯಾಂಡ್ ಒಡೆದು ದುಡ್ಡಿರೋರಿಗೆ ಬಾಕ್ಸ್ ಮಾಡೋಣ ಅನ್ನೋರೂ ಅವರೇ. ಹಿಂದಿನ ಸಾಲಲ್ಲಿ ಕೂರೋನ ಜೇಬು ಹೆಂಗಿರತ್ತೆ ಅಂತ ಅವರಿಗೆ ಯಾರು ಹೇಳ್ಬೇಕು. ಈ ಕೋರ್ಸಲ್ಲಿ ಎರಡು ವರ್ಷ ಕಳೆದ ಮೇಲೆ ನಂಗೆ ಗಟ್ಟಿಯಾಗಿ ಅನ್ಸಿರೋದು ಇದೊಂದೇ, ಬಿಟ್ಟಿ ದುಡಿಮೆಯ ನಷ್ಟ ವಿದ್ಯಾರ್ಥಿಗೆ ಮಾತ್ರ ಅಲ್ಲ, ಸ್ಟೇಡಿಯಂಗೆ ಬರೋರಿಗೂ ತಟ್ಟತ್ತೆ.

ಇದಕ್ಕೆ ನಮ್ಮಲ್ಲೇ ಒಪ್ಪದೋರು ಇದಾರೆ. ಏಜೆಂಟ್ ಆಗೋಕೆ ಹೊರಟಿದ್ದವನು ಹೇಳೋದು, ಯಾರೂ ಬಲವಂತ ಮಾಡಿಲ್ವಲ್ಲ, ನಂಗೆ ಕೆಲಸ ಸಿಕ್ಕಿದ್ದೇ ಆ ಬಿಟ್ಟಿ ಸೀಸನ್ನಲ್ಲಿ ಪರಿಚಯ ಆದೋರಿಂದ ಅಂತ. ನಿಜಾನೇ. ಈ ಕ್ಷೇತ್ರದಲ್ಲಿ ರೆಸ್ಯೂಮೆಗಿಂತ ಫೋನ್ ನಂಬರ್ ಜಾಸ್ತಿ ಕೆಲಸ ಮಾಡತ್ತೆ, ಅದನ್ನ ಪ್ರೊಫೆಸರ್‌ಗಳೇ ಹೇಳ್ತಾರೆ. ಆದ್ರೆ ಅವನ ಮಾತಿಗೆ ಸ್ವಿಮ್ಮರ್ ಕೊಟ್ಟ ಉತ್ತರ ಇನ್ನೂ ಚೆನ್ನಾಗಿತ್ತು. ಅಮೆರಿಕದ ಕಾಲೇಜು ಆಟಗಾರರಿಗೂ ದಶಕಗಟ್ಟಲೆ ಇದನ್ನೇ ಹೇಳಿದ್ರು, ವೇದಿಕೆ ಕೊಟ್ಟಿದೀವಲ್ಲ, ದುಡ್ಡ್ಯಾಕೆ ಅಂತ. 2021ರಲ್ಲಿ ಆಲ್‌ಸ್ಟನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಒಂಬತ್ತಕ್ಕೆ ಒಂಬತ್ತೂ ಜಡ್ಜುಗಳು ಆಟಗಾರರ ಪರ ನಿಂತ್ರು, ಅದೇ ಜುಲೈ 1ರಿಂದ ಅವರ ಹೆಸರು, ಮುಖ ಬಳಸಿದ್ರೆ ದುಡ್ಡು ತಗೋಬಹುದು ಅಂತಾಯ್ತು, 2025ರಲ್ಲಿ ಇನ್ನೊಂದು ಒಪ್ಪಂದಕ್ಕೆ ಕೋರ್ಟ್ ಮುದ್ರೆ ಬಿದ್ದು ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಆದಾಯದಲ್ಲಿ ಪಾಲು ಕೊಡೋಕೆ ಶುರು ಮಾಡಿದ್ವು. ಅಂದ್ರೆ ಅಲ್ಲಿ ಮೈದಾನದಲ್ಲಿ ಓಡೋ ಹುಡುಗನಿಗೆ ಈಗ ದುಡ್ಡು ಸಿಗತ್ತೆ, ಅವನಿಗೆ ಬಾಟಲ್ ತಂದಿಡೋ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗೆ ಇನ್ನೂ ಅನುಭವ ಮಾತ್ರ, ಅಂದ್ಲು. ಏಜೆಂಟ್ ಅದಕ್ಕೆ, ಓಡೋನಿಗೆ ಬದಲಿ ಸಿಗಲ್ಲ, ಬಾಟಲ್ ತರೋನಿಗೆ ಸಿಗ್ತಾನೆ ಅಂದ. ಜಗಳ ಅಲ್ಲಿಗೆ ನಿಂತಿದೆ, ಇವತ್ತಿಗೂ ಗ್ರೂಪಲ್ಲಿ ಆಗಾಗ ಎದ್ದು ಬರತ್ತೆ.

ಆಟ ನೋಡೋ ಖುಷಿ ಹೋಯ್ತಾ ಅಂತ ಕೇಳ್ತಾರೆ. ಸ್ವಲ್ಪ ದಿನ ಹೋಗಿತ್ತು. ಎಲ್ರೂ ಸೇರಿ ಫೈನಲ್ ನೋಡೋಕೆ ಕೂತ್ರೆ ಒಬ್ಬ ಬೌಂಡರಿ ಎಲ್‌ಇಡಿ ಬೋರ್ಡಲ್ಲಿ ಯಾವ ಹೆಸರು ಎಷ್ಟು ಸೆಕೆಂಡ್ ಬಂತು ಅಂತ ಎಣಿಸ್ತಾನೆ, ಇನ್ನೊಬ್ಬಳು ಅಪ್ಪರ್ ಟಿಯರಲ್ಲಿ ಖಾಲಿ ಸೀಟು ತೋರಿಸ್ತಾಳೆ, ಕ್ಯಾಮೆರಾ ಯಾಕೆ ಆ ಕಡೆ ಹೋಗ್ತಿಲ್ಲ ಗೊತ್ತಾ ಅಂತ. ಈಗ ಪರವಾಗಿಲ್ಲ. ಕೊನೆ ಐದು ನಿಮಿಷ ಟೈಟ್ ಆದ್ರೆ ಎಲ್ರೂ ಬಾಯಿ ಮುಚ್ಕೊಂಡು ನೋಡ್ತಾರೆ, ಬೋರ್ಡ್ ಎಣಿಸೋನೂ ಸೇರಿ.

ನಮ್ಮ ಕೋರ್ಸಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆ, ಅದನ್ನ ಹೇಳ್ಬೇಕು. ನಾವು ಒಂದಷ್ಟು ಜನ ಹೋಗಿ ಪ್ಲೇಸ್‌ಮೆಂಟ್ ನೋಡ್ಕೊಳ್ಳೋರ ಹತ್ರ ಕೂತು ಮಾತಾಡಿದ್ವಿ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಪಟ್ಟಿಯಿಂದಾನೇ ತೆಗೀರಿ ಅಂತ ಕೇಳಿದ್ವಿ, ಅದಾಗಲ್ಲ, ಅವಕಾಶ ಕಮ್ಮಿ ಆಗತ್ತೆ ಅಂದ್ರು. ಕೊನೆಗೆ ಒಪ್ಪಿದ್ದು ಇಷ್ಟಕ್ಕೆ, ಪಟ್ಟಿಯಲ್ಲಿ ಸ್ಟೈಪೆಂಡ್ ಅಂತ ಒಂದು ಕಾಲಂ, ವಾರಕ್ಕೆ ಎಷ್ಟು ಗಂಟೆ ಅಂತ ಇನ್ನೊಂದು, ಎರಡೂ ತುಂಬದೇ ಇದ್ರೆ ಪಟ್ಟಿಗೆ ಹಾಕಲ್ಲ. ಕೆಲವು ಕ್ಲಬ್‌ಗಳು ಸೊನ್ನೆ ಅಂತ ಬರೆದು ಕಳಿಸಿದ್ವು, ಕೆಲವು ಬರೆಯೋಕೆ ಮುಜುಗರ ಆಗಿ ಏನೋ ಒಂದು ಮೊತ್ತ ಹಾಕಿದ್ವು, ಕೆಲವರು ಫಾರ್ಮ್ ವಾಪಸ್ಸೇ ಕಳಿಸಿಲ್ಲ. ಜೂನಿಯರ್ಸ್ ಮೆಸೇಜ್ ಮಾಡಿ ಅಣ್ಣಾ ಯಾವುದಕ್ಕೆ ಹೋಗ್ಲಿ ಅಂತ ಕೇಳಿದ್ರೆ ನಾನು ಆ ಎರಡು ಕಾಲಂ ಭಾಗಿಸಿ ನೋಡು ಅಂತೀನಿ, ಸೊನ್ನೆ ಬಂದ್ರೂ ಹೋಗ್ತೀನಿ ಅಂದ್ರೆ ಕೊನೇ ಪಕ್ಷ ಟಿಕೆಟಿಂಗ್ ವಿಭಾಗ ಕೇಳ್ಕೋ, ಟೇಪ್ ಅಂಟಿಸೋದಕ್ಕಿಂತ ಅಲ್ಲಿ ಕಲಿಯೋದು ಜಾಸ್ತಿ ಇದೆ ಅಂತ.

ಸ್ವಿಮ್ಮರ್ ಈಗ ಒಂದು ಸಾರ್ವಜನಿಕ ಈಜುಕೊಳದ ಮ್ಯಾನೇಜರ್, ಮಕ್ಕಳ ಬ್ಯಾಚಿನ ಟೈಮ್‌ಟೇಬಲ್, ಕ್ಲೋರಿನ್ ಆರ್ಡರು, ಲೈಫ್‌ಗಾರ್ಡ್‌ಗಳ ಶಿಫ್ಟು, ಎಲ್ಲ ಅವಳದೇ, ಲಿಂಕ್ಡ್‌ಇನ್ನಲ್ಲಿ ಹಾಕಿದ್ರೆ ಯಾರೂ ವಾವ್ ಅನ್ನಲ್ಲ. ತಿಂಗಳ ಒಂದನೇ ತಾರೀಕು ಸಂಬಳ ಬರತ್ತೆ. ನಂಗೆ ಮುಂದಿನ ವಾರ ಒಂದು ಇಂಟರ್‌ವ್ಯೂ ಇದೆ, ಕ್ಲಬ್ಬಲ್ಲ, ಕ್ಲಬ್‌ಗಳಿಗೆ ಟಿಕೆಟಿಂಗ್ ಸಾಫ್ಟ್‌ವೇರ್ ಮಾರೋ ಕಂಪನಿ. ಅಕ್ರೆಡಿಟೇಶನ್ ಕಾರ್ಡೂ ಇರಲ್ಲ, ಸ್ಟೇಡಿಯಂ ಮುಖ ನೋಡೋದೂ ಅಪರೂಪವೇ. ಸಂಬಳ ಎಷ್ಟು ಅಂತ ಮಾತ್ರ ಪೋಸ್ಟಿಂಗಲ್ಲೇ ಬರೆದಿದ್ರು, ಅದನ್ನ ನೋಡೇ ಅರ್ಜಿ ಹಾಕಿದ್ದು.